ನಡುವಿಗಿಟ್ಟ ದನಿ

“ಏನೂ ಕೇಳ್ತಿಲ್ಲ ಕಣಪ್ಪ. ಬಾವಿ ಒಳಗಿಂದ ಬಂದಂಗೆ ಬತ್ತಾ ಅದೆ,” ಎಂದು ರುಕ್ಮಿಣಮ್ಮ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡರು.

ಕೆ.ಆರ್. ನಗರದ ಆ ವಿಡಿಯೋ ಅಂಗಡಿಯ ಸುನೀಲ್ಕುಮಾರ್ ಕಂಪ್ಯೂಟರಿನ ಪರದೆ ನೋಡಿದ. “ಸೌಂಡು ಫುಲ್ ಕೊಟ್ಟಿದ್ದೀನಿ ಕಣಮ್ಮ. ಈಗ್ತಾನೆ ಚಿಕ್ಕವ್ವ ಕೇಳುದ್ರಲ್ಲ?”

ಚಿಕ್ಕವ್ವ ಎಂದರೆ ಸುನಂದಮ್ಮ, ಅವನ ತಾಯಿಯ ತಂಗಿ. ಅದೇ ಹೆಡ್‌ಫೋನಿನಲ್ಲಿ ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಈಚೆ ಕೂತಿದ್ದಳು. ಅವಳ ಪಕ್ಕದಲ್ಲಿ ಕೂರಲು ಮನಸ್ಸಿಲ್ಲದ ರುಕ್ಮಿಣಮ್ಮ ಹೆಡ್‌ಫೋನ್ ಹಾಕಿಕೊಂಡವರೇ ಸ್ಟೂಲನ್ನು ಸರ್ರನೆ ಗೋಡೆಯ ಕಡೆಗೆ ಎಳೆದುಕೊಂಡಿದ್ದರು.

ಚುಂಚನಕಟ್ಟೆಯ ಸುತ್ತ ಯಾರ ಮನೆಯ ಮದುವೆಯಾದರೂ ಸೋಬಾನೆಗೆ ಇವರಿಬ್ಬರೇ. ರುಕ್ಮಿಣಮ್ಮ ಸಾಲು ಎತ್ತಿಕೊಡಬೇಕು, ಸುನಂದಮ್ಮ ಅದನ್ನೇ ತಿರುಗಿ ಹೇಳಬೇಕು. ಪದಗಳೆಲ್ಲ ರುಕ್ಮಿಣಮ್ಮ ಅತ್ತೆಯಿಂದ ಕಲಿತವು, ಸುನಂದಮ್ಮನಿಗೆ ಕಲಿಸಿದ್ದೂ ಅವರೇ. ಆದರೆ ಉಂಡು ಕೈತೊಳೆದ ಜನ ಹೊಗಳುವುದು ಯಾರನ್ನು? ಸುನಂದಮ್ಮನ ಕಂಠವನ್ನು! ಅದೂ ಹಾಳಾಗಿ ಹೋಗಲಿ. ಈಚೆಗೆ ಅವಳು ಸಾಲು ಮುಗಿಯುವ ತನಕ ಕಾಯುವುದೇ ಇಲ್ಲ, ಕೊನೆಯ ಮಾತು ಬಾಯಲ್ಲಿರುವಾಗಲೇ ನುಗ್ಗಿ ಕಿತ್ತುಕೊಳ್ಳುತ್ತಾಳೆ. ಹೊಟ್ಟೆ ಉರಿಯದೆ ಇರುತ್ತದೆಯೇ? ಈಗ ರುಕ್ಮಿಣಮ್ಮನ ಮೊಮ್ಮಗಳು ಪವಿತ್ರಳ ಮದುವೆ ವಿಡಿಯೋಗೆಂದು ಹಾಡು ರೆಕಾರ್ಡ್ ಮಾಡಿಸಿದ್ದರು. ನಾಳೆ ನೆಂಟರ ಮೊಬೈಲಿನಲ್ಲೆಲ್ಲ ಉಳಿಯುವ ದನಿ ತನ್ನದಾಗಿರಬೇಕು ಎಂಬುದೊಂದೇ ಅವರ ಆಸೆ.

“ನನ್ ದನಿನೇ ಇಲ್ವಲ್ಲಪ್ಪ ಇದ್ರಲ್ಲಿ! ಕೇಳೋ ಒಸಿನೂ ಇವಳ್ದೇಯ. ನಿಮ್ ಚಿಕ್ಕವ್ವನ್ದು ಏರ್ಸಿ ನಂದು ಇಳ್ಸಿದ್ದೀಯ. ಕರುಳು ಬುಟ್ಟೀತಾ?”

“ಅಯ್ಯೋ, ಅಂಗ್ಯಾಕಂತೀಯಕ್ಕ? ನಿನ್ ದನಿನೇ ಮುಂದಾಗಿ ಬಂದದೆ,” ಎಂದಳು ಸುನಂದಮ್ಮ.

“ನೀನು ಸುಮ್ಕಿರು, ನಿಂಗೇನು!”

ಸುನೀಲ್ಕುಮಾರ್ ಪರದೆಯ ಮೇಲೆ ಅದನ್ನೂ ಇದನ್ನೂ ಒತ್ತಿದ. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ವೈರು ಹಿಡಿದು ಬಗ್ಗಿದವನು ನಕ್ಕ.

“ವೈರ್ ಮೇಲೆ ಸ್ಟೂಲ್ ಮಡಗಿ ಎಳ್ದಿದ್ದೀರ ಕಣಮ್ಮ. ಪಿನ್ನು ಅರ್ಧ ಈಚೆಗೆ ಬಂದದೆ. ಇಂಗಾದ್ರೆ ಎರ್ಡೂ ಕಿವಿಗೆ ಸಮವಾಗಿ ಬರೋ ನಡುವಿನ ದನಿನೇ ಹೊಂಟೋಯ್ತದೆ. ಚಿಕ್ಕವ್ವನ್ದು ಒಂದ್ ಕಿವಿ ಪಕ್ಕಕ್ಕಾಕಿ ನಿಮ್ದು ನಡುವ್ಕೆ ಮಡಗಿದ್ದೆ.”

ಪಿನ್ನು ಒಳಗೆ ಕೂತಿತು. ರುಕ್ಮಿಣಮ್ಮನ ದನಿ ಎರಡೂ ಕಿವಿಯಲ್ಲಿ ತುಂಬಿಕೊಂಡು ಬಂತು. ಅವರ ಮುಖ ಅರಳಿತು. ಹಸೆಗೆ ಕರೆಯುವ ಪದ. ಮೊದಲ ಸಾಲು ಚೆನ್ನಾಗಿತ್ತು. ಎರಡನೆಯದರ ಕೊನೆಯಲ್ಲಿ ಉಸಿರು ಸಾಲದೆ ದನಿ ಕೀರಲಾಗಿ, ಮಾತು ಅರ್ಧಕ್ಕೇ ನಿಂತುಹೋಯಿತು. ಅಷ್ಟರಲ್ಲಿ ಒಂದು ಕಿವಿಯ ಪಕ್ಕದಿಂದ ಸುನಂದಮ್ಮನ ದನಿ ಬಂದು ಆ ಮಾತನ್ನು ಎತ್ತಿಕೊಂಡಿತು. ಮುಂದಿನ ಸಾಲಿನಲ್ಲೂ ಹಾಗೇ ಆಯಿತು. ಅದರ ಮುಂದಿನದರಲ್ಲಿ ರುಕ್ಮಿಣಮ್ಮ ಮಾತನ್ನೇ ಮರೆತಿದ್ದರು. ಅದು ಮರೆತದ್ದು ಎಂದು ಯಾರಿಗೂ ಗೊತ್ತಾಗದ ಹಾಗೆ ಸುನಂದಮ್ಮ ಮೊದಲೇ ಶುರು ಮಾಡಿದ್ದಳು.

“ಈಗ ಕೇಳ್ತಾ ಅದಾ? ಇನ್ನೊಸಿ ಏರಿಸ್ಲಾ?” ಎಂದ ಸುನೀಲ್ಕುಮಾರ್.

ರುಕ್ಮಿಣಮ್ಮ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಬ್ಯಾಡ ಕಣಪ್ಪ. ಆಗ್ಲೇ ಇವಳ್ದೇ ಕೇಳ್ತಿತ್ತಲ್ಲ, ಅಂಗೇ ಮಾಡ್ಬುಡು.”

“ಯಾಕಕ್ಕ, ನಿನ್ದು ಚೆಂದಾಗದಲ್ಲ!” ಎಂದು ಸುನಂದಮ್ಮ ಎದ್ದು ಬಂದಳು. ರುಕ್ಮಿಣಮ್ಮ ಅವಳ ಮುಖ ನೋಡಲಿಲ್ಲ. ಸುನಂದಮ್ಮ ಅವರ ಕಾಲ ಬಳಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಕೈಯಿಂದ ಸ್ಟೂಲಿನ ಕಾಲನ್ನು ಮೆಲ್ಲಗೆ ಓರೆ ಮಾಡಿ, ಅಡಿಯಲ್ಲಿ ಸಿಕ್ಕಿಕೊಂಡಿದ್ದ ವೈರನ್ನು ಬಿಡಿಸತೊಡಗಿದಳು.