ಹೆಸರು ಕೊರೆದ ಪಾತ್ರೆಗಳು

ಅನ್ನದ ಡಬರಿ ಕೆಳಗಿಳಿಸುವಾಗ ಅದರ ಅಂಚಿಗೆ ಕೊರೆದ ಹೆಸರು ಸಾವಂತ್ರವ್ವನ ಕಣ್ಣಿಗೆ ಬಿತ್ತು: ಕಾಶವ್ವ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಖಾನಾಪುರದ ಆ ಓಣಿಯ ಹೆಂಗಸರೇ ಅಡುಗೆ ಮಾಡಿ ತಂದಿದ್ದರು. ಸಾರಿನ ಪಾತೇಲಿ, ಪಲ್ಯದ ಬೋಗುಣಿ, ಎಲ್ಲದರ ಮೇಲೂ ಅದೇ ಹೆಸರು. ಗಂಡಸರು ಆಗಷ್ಟೇ ಕಾಶವ್ವನನ್ನು ಮಣ್ಣಿಗೆ ಒಯ್ದಿದ್ದರು. ಮೊನ್ನೆ ಆಕೆ ತನ್ನ ಜೀವ ತಾನೇ ಕಳೆದುಕೊಂಡಿದ್ದಳು.

*

ಎರಡು ತಿಂಗಳ ಹಿಂದೆ ಅವಳ ಮಗ ಕಲ್ಮೇಶ ಮಚ್ಛೆಯ ಕಾರ್ಖಾನೆಯಿಂದ ಬರುವಾಗ ಲಾರಿಗೆ ಸಿಕ್ಕು ಸತ್ತ. ಕಾಶವ್ವ ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಓಣಿಯೆಲ್ಲ ಹೊಗಳಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಆಕೆ ಪಾತ್ರೆ ಹಂಚತೊಡಗಿದಳು.

"ಇಷ್ಟ ಪಾತ್ರಿ ನನಗ್ಯಾಕ ಬೇಕವಾ, ತಗೋ."

"ಭಾಳ ದೊಡ್ಡ ಮನಸಿನಾಕಿ ನೀ," ಎಂದು ಸಾವಂತ್ರವ್ವ ಡಬರಿ ಎತ್ತಿಕೊಂಡು ಹೋಗಿದ್ದಳು. ಪುಕ್ಕಟೆ ಬಂದದ್ದಕ್ಕೆ ಯಾರು ಕಾರಣ ಕೇಳುತ್ತಾರೆ?

*

ಕಲ್ಮೇಶನ ಹೆಂಡತಿ ಲಕ್ಷ್ಮೀ ಒಳಗಿನಿಂದ ಬಂದಳು. ಕೈಯಲ್ಲಿ ಗಂಡನ ಊಟದ ಡಬ್ಬಿ.

"ಕಾಕು, ಇದನ್ನ ನೀವ ಇಟಗೋರಿ. ನನಗಿನ್ನ ಏನೂ ಬ್ಯಾಡ."

ಸಾವಂತ್ರವ್ವನ ಕೈ ರೂಢಿಯಂತೆ ಮುಂದೆ ಹೋಯಿತು. ನಡುವೆಯೇ ನಿಂತಿತು. ಡಬ್ಬಿ ಬಿಟ್ಟು ಅವಳ ಮುಂಗೈ ಹಿಡಿದಳು.

"ಖರೇ ಹೇಳು ಲಕ್ಷ್ಮೀ. ಸಾಯೂ ವಿಚಾರ ಬರಾಕತ್ತೈತೇನು?"

ಮೊಣಕಾಲು ನೋವೆಂದು ಮಣ್ಣಿಗೆ ಹೋಗದೆ ಉಳಿದಿದ್ದ ಲಕ್ಷ್ಮೀಯ ಸೋದರಮಾವ ನಾಗಲಿಂಗ ಗದರಿದ. "ಎಂಥಾ ಮಾತಬೇ ಇದು? ಇಲ್ಲದ್ದನ್ನ ಆಕಿ ತಲ್ಯಾಗ ಹಾಕಬ್ಯಾಡ."

"ಕೇಳಿದ್ರ ಬರೂದಲ್ಲಣ್ಣಾ ಅದು. ಕಾಶವ್ವನ್ನ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ."

ಲಕ್ಷ್ಮೀ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. "ದಿನಾ ಬರತೈತ್ರಿ," ಎಂದಳು. ಆಮೇಲೆ ಅತ್ತಳು.

"ಹೇಳಿದಿ, ಚಲೋ ಆತು. ನಿನ್ನ ಒಬ್ಬಾಕಿನ್ನ ಬಿಡಂಗಿಲ್ಲ ನಾ. ಈಗ ಬೆಳಗಾವಿ ದವಾಖಾನಿಗೆ ಹೋಗೂಣು. ಇದಕ್ಕೂ ಡಾಕ್ಟರು ಅದಾರ."

"ಸೂತಕದಾಗ ಹೊಸ್ತಿಲ ದಾಟತಾರೇನು?" ಎಂದ ನಾಗಲಿಂಗ.

"ಹೆಣ ದಾಟೇತಲ್ಲ. ಜೀವ ಇದ್ದಾಕಿನೂ ದಾಟಲಿ."

ಗಂಡಸರು ಮಣ್ಣು ಮುಗಿಸಿ ಬರುವಷ್ಟರಲ್ಲಿ ಇಬ್ಬರೂ ಬೆಳಗಾವಿಯ ಬಸ್ಸಿನಲ್ಲಿದ್ದರು. ಡಬ್ಬಿ ಲಕ್ಷ್ಮೀಯ ತೊಡೆಯ ಮೇಲಿತ್ತು. ಸಾವಂತ್ರವ್ವ ಹಿಡಿದ ಮುಂಗೈ ಬಿಟ್ಟಿರಲಿಲ್ಲ.

ಇತ್ತ ಬಂದವರ ಊಟ ಮುಗಿಯಿತು. ಹೆಂಗಸರು ಪಾತ್ರೆ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದರು. ಬಿಸಿಲಿಗೆ ಕಾಶವ್ವನ ಹೆಸರು ಒಂದೊಂದರ ಮೇಲೂ ಹೊಳೆಯುತ್ತಿತ್ತು. ಸಂಜೆಯಾದರೂ ಯಾರೂ ತಮ್ಮದೆಂದು ಒಂದನ್ನೂ ಎತ್ತಿಕೊಂಡು ಹೋಗಲಿಲ್ಲ.