ಗೋವಿಂದರಾಜುವಿನ ಹೆಸರಲ್ಲಿ

ವಾರಾನ್ನ ಉಂಡು ಹೇಗೋ ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ಬಿ.ಎ.ಗೆ ಫೀಸು ಹುಟ್ಟದಿದ್ದರೆ ಊರಿಗೆ ಹೋಗಿ ಸೋದರಮಾವನ ಅಂಗಡಿಯಲ್ಲಿ ಪೊಟ್ಟಣ ಕಟ್ಟಬೇಕು. ಅದಕ್ಕೆ ನಾನು ಸುತರಾಂ ಸಿದ್ಧನಿರಲಿಲ್ಲ. ಸರ್ಕಾರದ ಸ್ಕಾಲರ್‌ಷಿಪ್ಪಿಗೆ ಶಿಫಾರಸು ಬೇಕು, ನಮಗೆ ಯಾರಿದ್ದಾರೆ? ಕೊನೆಗೆ ಉಳಿದದ್ದು ನಜರ್‌ಬಾದಿನ ದೊರೆಸ್ವಾಮಯ್ಯನವರು ಕೊಡುವ ಸ್ಕಾಲರ್‌ಷಿಪ್. ಅರಮನೆ ಕಚೇರಿಯಿಂದ ಪೆನ್ಷನ್ ಪಡೆದವರು. ಮಗ ಗೋವಿಂದರಾಜು ಬಿ.ಎ. ಪರೀಕ್ಷೆಯ ಹಿಂದಿನ ದಿನ ಕುಕ್ಕರಹಳ್ಳಿ ಕೆರೆಯಲ್ಲಿ ಕಾಲು ಜಾರಿ ತೀರಿಕೊಂಡಿದ್ದ. ಅವನ ಹೆಸರಲ್ಲಿ ಒಬ್ಬನನ್ನು ಓದಿಸುತ್ತೇನೆಂದು ಕಾಲೇಜಿಗೆ ಹೇಳಿಕಳಿಸಿದ್ದರು.

ಆರಿಸುವ ಕ್ರಮವೇ ವಿಚಿತ್ರ. ಮಗನ ತಿಥಿಯ ಪಿಂಡವನ್ನು ಕಾಗೆ ಯಾವ ವರ್ಷವೂ ಮುಟ್ಟಿರಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಮುಟ್ಟುವುದಿಲ್ಲ, ಅದನ್ನು ನಡೆಸಿಕೊಡುತ್ತೇನೆಂದು ಮಾತು ಕೊಟ್ಟರೆ ಮುಟ್ಟುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಗನ ಆಸೆ ಬಿ.ಎ.ಯೇ ಎಂದು ಯಜಮಾನರು ತೀರ್ಮಾನಿಸಿಬಿಟ್ಟಿದ್ದರು. ಯಾರ ಮಾತಿಗೆ ಕಾಗೆ ಬರುತ್ತದೋ ಅವನಿಗೆ ಸ್ಕಾಲರ್‌ಷಿಪ್. ಮಾರ್ಕು ಗೀರ್ಕು ಕೇಳುವವರೇ ಇಲ್ಲ.

ತಿಥಿಯ ಮಧ್ಯಾಹ್ನ ಹಿತ್ತಿಲಲ್ಲಿ ಮೂವರು ಹುಡುಗರು ನಿಂತಿದ್ದೆವು. ಗೋಡೆಯ ಮೇಲೆ ಒಂದೇ ಕಾಗೆ. ಮೊದಲನೆಯವನು ಬಿ.ಎ. ಮಾಡುತ್ತೇನೆಂದ, ಕಾಗೆ ಕದಲಲಿಲ್ಲ. ಎರಡನೆಯವನು ಚಿನ್ನದ ಪದಕವನ್ನೂ ಸೇರಿಸಿದ. ಅದು ಬೆನ್ನು ತಿರುಗಿಸಿತು. ನನಗೆ ನಗು ಬಂತು. ಸರದಿ ಬಂದಾಗ ನಾನೂ ಬಿ.ಎ. ಮಾಡುತ್ತೇನೆಂದೇ ಹೇಳಿದೆ. ಊಹೂಂ. ಯಜಮಾನರು ದೂರದಲ್ಲಿ ಕಂಬಕ್ಕೊರಗಿ ಕಣ್ಣು ಮುಚ್ಚಿಕೊಂಡಿದ್ದರು.

ಆಗ ನನಗೆ ಅದೇಕೆ ಹೊಳೆಯಿತೋ ಕಾಣೆ. ಪಿಂಡದ ಮೇಲೆ ಬಗ್ಗಿ ಪಿಸುಗುಟ್ಟಿದೆ.

"ನಿಂಗೆ ಓದೋದೇ ಬೇಡವಾಗಿತ್ತು, ಅಲ್ವೇನೋ?"

ಕಾಗೆ ಕೆಳಕ್ಕಿಳಿದು ಮೊಳದ ದೂರದಲ್ಲಿ ನಿಂತಿತು. ಕೆರೆಯ ಪಾಚಿಯ ವಾಸನೆ ಮೂಗಿಗೆ ಬಡಿಯಿತು; ಆ ಹಿತ್ತಿಲಲ್ಲಿ ನೀರೇ ಇರಲಿಲ್ಲ. ನಿಜವಾಗಿ ಹೆದರಿದೆ. ಆದರೂ ಕೈಗೆ ಬಂದದ್ದನ್ನು ಬಿಡಲು ಮನಸ್ಸಾಗಲಿಲ್ಲ.

"ಆಗ್ಲಿ, ನಿನ್ನಾಣೆ. ನಿನ್ನ ಹೆಸರಲ್ಲಿ ನಾನು ಓದೋದಿಲ್ಲ."

ಕಾಗೆ ಗಬಗಬನೆ ತಿನ್ನತೊಡಗಿತು.

ಯಜಮಾನರು ಓಡಿ ಬಂದು ನನ್ನನ್ನು ತಬ್ಬಿಕೊಂಡು ಗಳಗಳನೆ ಅತ್ತರು. ಏನೆಂದು ಮಾತು ಕೊಟ್ಟೆಯಪ್ಪ ಎಂದು ಕೇಳಿದರು. ನನಗೆ ಆ ಕಾಲೇಜು ಬೇಕೇ ಬೇಕಿತ್ತು.

"ಬಿ.ಎ. ಮಾಡ್ತೀನಿ ಅಂದೆ, ಸ್ವಾಮಿ."

ಅವರು ಫೀಸಿನ ಹಣ ತರಲು ಒಳಗೆ ಹೋದರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಗಿರಿಜಾಂಬಾ ನಿಂತಿದ್ದರು. ನನ್ನ ಪಿಸುಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು.

"ಅವನೂ ಅವರಪ್ಪನ ಹತ್ರ ಬಿ.ಎ. ಮಾಡ್ತೀನಿ ಅಂತಾನೇ ಹೇಳ್ತಿದ್ದ ಕಣಪ್ಪ" ಎಂದರು. "ಕೊನೇ ದಿನಾನೂ."