ಸೆಕೆಂಡಿಗೆ ಐದು ಹೆಜ್ಜೆ

ನಾನೊಂದು ಸ್ಟಾಪ್‌ವಾಚ್. ನನ್ನನ್ನು ಮಾಡಿದ ಮುದುಕ, ಸೆಕೆಂಡಿಗೆ ಐದೇ ಹೆಜ್ಜೆ ಎಂದು ನನ್ನ ಮುಳ್ಳಿಗೆ ಕಲಿಸಿದ. ಪಾಯಿಂಟ್ ಎರಡು, ನಾಲ್ಕು, ಆರು, ಎಂಟು, ಮತ್ತೆ ಮುಂದಿನ ಸೆಕೆಂಡು. ಇವುಗಳ ನಡುವೆ ನಿಲ್ಲಲು ನನಗೆ ಬಾರದು.

ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದಲ್ಲಿ ನನ್ನನ್ನು ಮೊದಲು ಹಿಡಿದವರು ಡಾ. ಹಳ್ಯಾಳ. ಆಗ ಅವರು ಸಂಶೋಧಕರು. ಬಣ್ಣಗಳ ಹೆಸರು ಹೇಳಲು ಮಕ್ಕಳಿಗೆ ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ನನ್ನನ್ನು ಕಿವಿಗೆ ಹಿಡಿದು ಕೇಳುತ್ತಿದ್ದರು. ಅದನ್ನು ನಾನು ಮರೆತಿದ್ದರೆ ಮುಂದೆ ನಡೆದದ್ದಕ್ಕೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆಮೇಲೆ ಅವರು ಮುಖ್ಯಸ್ಥರಾದರು, ಡೀನ್ ಆದರು, ಕುಲಸಚಿವರಾದರು. ಬೆರಳುಗಳು ನನ್ನನ್ನು ಬಿಟ್ಟು ಸಹಿಗೆ ಹೋದವು. ನನ್ನನ್ನು ತಮ್ಮ ವಿದ್ಯಾರ್ಥಿ ವಿರೂಪಾಕ್ಷ ಕಡೇಮನಿಗೆ ಕೊಟ್ಟರು.

ವಿರೂಪಾಕ್ಷ ನನ್ನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಐದು ವರ್ಷ ಶಾಲೆಯಿಂದ ಶಾಲೆಗೆ ತಿರುಗಿದ. ಎಂಟುನೂರು ಮಕ್ಕಳ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ. ಒಂದು ದಿನ ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕುಸಿದ. ಬಿದ್ದ ಹೊಡೆತಕ್ಕೆ ನನ್ನ ಗುಂಡಿ ಒತ್ತಿಕೊಂಡು, ನಾನು ನಡೆಯತೊಡಗಿದೆ. ಅವನ ಎದೆಬಡಿತ ನಿಂತಿತ್ತು. ಆಸ್ಪತ್ರೆಯಲ್ಲಿ ನನ್ನನ್ನು ನಿಲ್ಲಿಸಿದವಳು ಅವನ ಹೆಂಡತಿ ಮಂದಾಕಿನಿ.

ಮೂರನೆಯ ವಾರ ಹಳ್ಯಾಳರು ಮನೆಗೆ ಬಂದರು. "ನೋಟ್‌ಬುಕ್ ಕೊಡವಾ. ಅವನ ಹೆಸರಿಗೇ ಡಾಕ್ಟರೇಟ್ ಕೊಡಸ್ತೀನಿ."

ಕೊಟ್ಟಳು.

ವರ್ಷದ ಮೇಲೆ ಬಂದದ್ದು ಹಳ್ಯಾಳರ ಹೆಸರಿನ ಪುಸ್ತಕ. ಹೊಸ ವಿದ್ಯುನ್ಮಾನ ಯಂತ್ರದಿಂದ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ತಾವೇ ಅಳೆದದ್ದೆಂದು ಬರೆದಿದ್ದರು. ಹಿಂದೆಯೇ ಅವರ ಸಹಿಯ ಪತ್ರ: ಐದು ವರ್ಷ ದಿವಂಗತರ ವಶದಲ್ಲಿದ್ದ, ವಿಭಾಗದ ಏಕೈಕ ಸ್ಟಾಪ್‌ವಾಚನ್ನು ಕೂಡಲೇ ಹಿಂತಿರುಗಿಸತಕ್ಕದ್ದು.

ಮಂದಾಕಿನಿಯೂ ಅದೇ ವಿಭಾಗದಲ್ಲಿ ಓದಿದವಳು. ಅಳಲಿಲ್ಲ. ಪುಸ್ತಕದ ಕೊನೆಯ ಪಟ್ಟಿಯನ್ನು ನನ್ನ ಪಕ್ಕದಲ್ಲಿಟ್ಟು ಓದಿದಳು. 2.400. 3.600. 1.800. ಅವು ನನ್ನ ಹೆಜ್ಜೆಗಳು. ಅಂಕಿ ನೋಡುವುದನ್ನೇ ಬಿಟ್ಟಿದ್ದ ಅಧಿಕಾರಿ, ಟೈಪಿಸ್ಟಿಗೆ ಹೇಳಿ ಎರಡೆರಡು ಸೊನ್ನೆ ಸೇರಿಸಿದ್ದರು, ಅಷ್ಟೆ.

ಅವಳು ದೂರು ಕೊಟ್ಟಳು. ಹಳ್ಯಾಳರ ಹೆಸರು ಕುಲಪತಿ ಹುದ್ದೆಗೆ ಹೋಗಿದ್ದ ತಿಂಗಳಲ್ಲೇ ವಿಚಾರಣೆ ನಡೆಯಿತು. ನಡೆಸಿದವರು ನಿವೃತ್ತ ಪ್ರಾಧ್ಯಾಪಕಿ ಇನಾಮದಾರ ಮೇಡಂ.

"ಯಾವ ನೋಟ್‌ಬುಕ್ಕೂ ನನಗ ಕೊಟ್ಟಿಲ್ರೀ," ಎಂದರು ಹಳ್ಯಾಳರು. "ಪಾಪ, ಗಂಡ ಹೋದ ದುಃಖದಾಗ ಏನೇನೋ ಮಾತಾಡ್ತಾಳ."

ಆಸ್ಪತ್ರೆಯಲ್ಲಿ ನಿಂತ ಮುಳ್ಳನ್ನು ಮಂದಾಕಿನಿ ಅಂದು ಮೊದಲ ಸಲ ಸೊನ್ನೆಗೆ ತಂದಳು. ನನ್ನನ್ನು ಮೇಜಿನ ಮೇಲಿಟ್ಟಳು. "ವಾಪಸ್ ಕೇಳಿದ್ರೆಲ್ಲ ಸರ, ತಂದೀನಿ."

ಮೇಡಂ ನನ್ನನ್ನು ಹಳ್ಯಾಳರತ್ತ ದೂಡಿದರು. "ಒತ್ತಿ ನಿಲ್ಲಸ್ರಿ. ಎಷ್ಟ ಬಂತು?"

"ಎರಡು ಪಾಯಿಂಟ್ ನಾಲ್ಕು."

"ಇನ್ನೊಮ್ಮೆ."

"ಮೂರು ಪಾಯಿಂಟ್ ಎಂಟು."

"ಪಾಯಿಂಟ್ ಐದು ಬರೂತನಕಾ ಒತ್ರಿ. ನಿಮ್ಮ ಪುಸ್ತಕದಾಗ ಎಂಟುನೂರು ಹುಡುಗರೊಳಗ ಒಬ್ಬಂದೂ ಪಾಯಿಂಟ್ ಐದು ಇಲ್ಲ. ಆ ಐದು ವರ್ಷ ಇದು ಯಾರ ಕೈಯಾಗಿತ್ತು ಅಂತ ನಿಮ್ಮ ಪತ್ರಾನ ಹೇಳ್ತದ."

ಹಳ್ಯಾಳರು ಮತ್ತೆ ಒತ್ತಿದರು. ಎರಡು. ಆರು. ಎಂಟು. ನನ್ನ ಸ್ವಭಾವ ಅವರಿಗೆ ಗೊತ್ತಿತ್ತು, ಆದರೂ ಒತ್ತಿದರು. ನಡುವೆ ನಿಲ್ಲಲು ನನಗೆ ಬರುತ್ತಿದ್ದರೂ ನಿಲ್ಲುತ್ತಿರಲಿಲ್ಲ.

ಈಗ ನನ್ನ ಸ್ಪ್ರಿಂಗ್ ಸೋತಿದೆ, ವಿಭಾಗಕ್ಕೆ ನಾನು ಬೇಡ. ವಿರೂಪಾಕ್ಷನ ಹೆಸರಿನ ಡಾಕ್ಟರೇಟ್ ಪತ್ರದ ಪಕ್ಕ, ಮಂದಾಕಿನಿಯ ಮೇಜಿನ ಖಾನೆಯಲ್ಲಿದ್ದೇನೆ. ಹುದ್ದೆ ಕಳೆದುಕೊಂಡ ಹಳ್ಯಾಳರನ್ನು ಇನ್ನಾದರೂ ಕ್ಷಮಿಸಬೇಕೆಂದು ಮೊನ್ನೆ ಯಾರೋ ಬಂದು ಅವಳಿಗೆ ಹೇಳಿದರು. ಅವಳು ಖಾನೆ ತೆರೆದು ನನ್ನನ್ನು ನೋಡಿದಳು, ಮುಚ್ಚಿದಳು. ವಿಚಾರಣೆಯಲ್ಲಿ ಹಳ್ಯಾಳರು ಕೊನೆಯ ಸಲ ಒತ್ತಿದಲ್ಲೇ ನನ್ನ ಮುಳ್ಳು ನಿಂತಿದೆ. ಅದನ್ನು ಅವಳು ಸೊನ್ನೆಗೆ ತಂದಿಲ್ಲ.